ಸೈಕಲ್ ಯಾತ್ರೆಗೆ ಮುಂಚೆ ಊರಿನ ಪಂಚಾಂಗ ನೋಡಿ

ಸೇವಾ ಕೆಲಸಕ್ಕೆ ಹಣ ಕೂಡಿಸೋ ದೂರದ ಸೈಕಲ್ ಯಾತ್ರೆ ಅಂದ್ರೆ ನಮ್ಮಲ್ಲಿ ಮೊದಲು ನೆನಪಾಗೋದು 'ಟೂರ್ ಆಫ್ ನೀಲಗಿರೀಸ್'. 2008ರಲ್ಲಿ ಬೆಂಗಳೂರಿನಿಂದ ಹೊರಟದ್ದು. ಆ ದಾರಿಯ ಬಂಡೀಪುರದಲ್ಲಿ 2009ರಿಂದ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ವಾಹನ ಸಂಚಾರಕ್ಕೆ ನಿರ್ಬಂಧ ಇದೆ. ಕಾಡಿನ ಹೊತ್ತಿಗೆ ಮನುಷ್ಯನೇ ಹೊಂದಿಕೊಳ್ಳಬೇಕು.

ಗೌರಿಬಿದನೂರು, ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ ಬೆಟ್ಟಗಳ ನಡುವೆ ಇಂಥದ್ದೇ ಯಾತ್ರೆ ಮಾಡೋರಿಗೆ ಗೇಟು ಅಡ್ಡ ಬರಲ್ಲ. ಆದ್ರೆ ಇಲ್ಲೂ ಒಂದು ಪಂಚಾಂಗ ಇದೆ.

ಡಿಸೆಂಬರ್, ಜನವರಿಯಲ್ಲಿ ರಾಗಿ ತೆನೆ ರಸ್ತೆ ಮೇಲೇ ಹರಡಿರ್ತೀವಿ. ಸರಿಯಲ್ಲ ನಿಜ, ಆದ್ರೆ ಊರಲ್ಲಿ ಕಣಗಳೇ ಉಳಿದಿಲ್ಲ. ಆ ಹುಲ್ಲಿನ ಮೇಲೆ ಸೈಕಲ್ ಜಾರಿದ್ರೆ ಕೈಕಾಲು ಮುರಿಯುತ್ತೆ. ಫೆಬ್ರವರಿ ಆದ್ಮೇಲೆ ಬೆಟ್ಟದ ಹುಲ್ಲು ಒಣಗಿರುತ್ತೆ, ಒಂದು ಬೀಡಿ ಕಿಡಿ ಸಾಕು. ಶಿಡ್ಲಘಟ್ಟದ ಕಡೆ ಫೋಟೋ ಆಸೆಗೆ ಹುಳು ಮನೆಗೆ ನುಗ್ಗಬೇಡಿ. ಕಾಲಿನ ಧೂಳಿನ ಜೊತೆ ರೋಗವೂ ಒಳಗೆ ಬರುತ್ತೆ, ತಿಂಗಳ ಬೆಳೆ ಹೋಗುತ್ತೆ.

ನನ್ನ ಕೇಳಿದ್ರೆ ಆಗಸ್ಟಿನಲ್ಲಿ ಬನ್ನಿ. ಬೆಟ್ಟ ಹಸಿರಾಗಿರುತ್ತೆ, ರಾಗಿ ಹೊಲದಲ್ಲೇ ಇರುತ್ತೆ.

ಇನ್ನು ಕೂಡಿಸಿದ ಹಣ. ಹೊಸ ಸೈಕಲ್ ಹಂಚಿ ಫೋಟೋ ತೆಗೆಸ್ಕೊಂಡ್ರೆ ಕೆಲಸ ಮುಗಿಯಲ್ಲ. 2006-07ರಿಂದ ಸರ್ಕಾರವೇ 8ನೇ ತರಗತಿ ಮಕ್ಕಳಿಗೆ ಸೈಕಲ್ ಕೊಟ್ಟಿತ್ತು. ಟ್ಯೂಬು, ಚೈನು ಹೋದ್ಮೇಲೆ ಹತ್ತಿರ ರಿಪೇರಿ ಅಂಗಡಿ ಇಲ್ಲದೆ ಎಷ್ಟೋ ಸೈಕಲ್ ಕೊಟ್ಟಿಗೆ ಸೇರಿದ್ವು. ದಾರಿಯ ಪ್ರತಿ ಹೈಸ್ಕೂಲಿಗೂ ಒಂದು ಪಂಪು, ಒಂದು ರಿಪೇರಿ ಪೆಟ್ಟಿಗೆ ಕೊಡಿ. ಅರ್ಧ ದಿನ ನಿಂತು ನಾಲ್ಕು ಮಕ್ಕಳಿಗೆ ಪಂಚರ್ ಹಾಕೋದು ಕಲಿಸಿ. ಆ ಅರ್ಧ ದಿನವನ್ನೂ ಯಾತ್ರೆಯ ಲೆಕ್ಕದಲ್ಲಿ ಈಗಲೇ ಬರ್ಕೊಳ್ಳಿ.