ಕೀಲಿ ಕೊಟ್ಟರೆ ಮಾರಾಟ ಮುಗಿಯುವುದಿಲ್ಲ

ರಾಯಚೂರಿನಲ್ಲಿ ಹಳೆ ಕಾರು ಮಾರಿದವರನ್ನು ‘ಹೆಸರು ಬದಲಿ ಆಯಿತೇ’ ಎಂದು ಕೇಳಿದರೆ ಸಾಮಾನ್ಯವಾಗಿ ಬರುವ ಉತ್ತರ ಒಂದೇ: ‘ಬಾಂಡ್ ಮ್ಯಾಲೆ ಬರಕೊಂಡೀವ್ರಿ, ನೋಟರಿ ಸಹಿನೂ ಆಗ್ಯಾದ, ಇನ್ನೇನು ಚಿಂತಿ?’ ಓದು ಬರಹ ಬಲ್ಲವರು, ಸರಕಾರಿ ನೌಕರಿಯಲ್ಲಿ ಇರುವವರು ಕೂಡ ಇದನ್ನು ಗಟ್ಟಿಯಾಗಿ ನಂಬಿದ್ದಾರೆ. ಈ ನಂಬಿಕೆ ತಪ್ಪು. ಆರ್‌ಸಿಯಲ್ಲಿ ನಿಮ್ಮ ಹೆಸರಿರುವ ತನಕ, ಬಾಂಡ್ ಪೇಪರ್ ಏನೇ ಹೇಳಲಿ, ರಸ್ತೆಯ ಮೇಲೆ ಆ ಕಾರು ನಿಮ್ಮದೇ. ಕಾನೂನು ಹೀಗಿರುವುದು ನ್ಯಾಯವೂ ಹೌದು ಎಂಬುದು ನನ್ನ ವಾದ.

1988ರ ಮೋಟಾರು ವಾಹನ ಕಾಯ್ದೆಯ 2(30)ನೇ ಕಲಮು ಮಾಲೀಕ ಯಾರು ಎಂಬುದನ್ನು ಅನುಮಾನಕ್ಕೆ ಎಡೆಯಿಲ್ಲದಂತೆ ಹೇಳುತ್ತದೆ: ಯಾರ ಹೆಸರಿನಲ್ಲಿ ವಾಹನ ನೋಂದಣಿಯಾಗಿದೆಯೋ ಅವನೇ ಮಾಲೀಕ. ಅದಕ್ಕೂ ಹಿಂದಿನ 1939ರ ಕಾಯ್ದೆಯಲ್ಲಿ ಇಷ್ಟು ಬಿಗಿ ಇರಲಿಲ್ಲ. ದುಡ್ಡು ಪಡೆದು ವಾಹನ ಒಪ್ಪಿಸಿದ ಮೇಲೆ ತನ್ನ ಹೊಣೆ ಮುಗಿಯಿತೆಂದು ವಾದಿಸಲು ಆಗ ಮಾರಿದವನಿಗೆ ದಾರಿಯಿತ್ತು. 1988ರಲ್ಲಿ ಸಂಸತ್ತು ಆ ದಾರಿಯನ್ನು ತಿಳಿದೇ ಮುಚ್ಚಿತು. ಈಗಿನ ಕಾಯ್ದೆಯ 50ನೇ ಕಲಮಿನ ಪ್ರಕಾರ ರಾಜ್ಯದೊಳಗೆ ಮಾರಿದವನು 14 ದಿನದೊಳಗೆ ಆರ್‌ಟಿಓ ಕಚೇರಿಗೆ ತಿಳಿಸಬೇಕು, ಕೊಂಡವನು 30 ದಿನದೊಳಗೆ ತನ್ನ ಹೆಸರಿಗೆ ಮಾಡಿಸಿಕೊಳ್ಳಬೇಕು. ಅದಕ್ಕಿರುವುದು 29 ಮತ್ತು 30ನೇ ನಮೂನೆಗಳು.

ಇದು ಬರೀ ಪುಸ್ತಕದ ಮಾತಲ್ಲ. ಹರಿಯಾಣದಲ್ಲಿ ಒಬ್ಬ ತನ್ನ ವಾಹನವನ್ನು 2007ರ ಜುಲೈ 12ರಂದು ಮಾರಿದ. ಕೊಂಡವನು ಮತ್ತೊಬ್ಬನಿಗೆ ಮಾರಿದ, ಅವನು ಮಗದೊಬ್ಬನಿಗೆ. ವಾಹನ ಕೈಯಿಂದ ಕೈಗೆ ದಾಟುತ್ತಾ ಹೋಯಿತು. ನೋಂದಣಿ ಪುಸ್ತಕದಲ್ಲಿ ಮಾತ್ರ ಮೊದಲನೆಯವನ ಹೆಸರೇ ಉಳಿಯಿತು. 2009ರ ಮೇ 27ರಂದು ಅದನ್ನು ಹಿಂದಕ್ಕೆ ತೆಗೆಯುವಾಗ ಒಬ್ಬ ಹೆಣ್ಣುಮಗಳಿಗೂ ಜೊತೆಗಿದ್ದ ಹುಡುಗನಿಗೂ ಬಡಿಯಿತು. ಹುಡುಗ ಸತ್ತ. ವಾಹನಕ್ಕೆ ವಿಮೆ ಇರಲಿಲ್ಲ. ಪರಿಹಾರ ಕೊಡಬೇಕಾದವರು ಯಾರು? ಚಾಲಕನ ಜೊತೆಗೆ ನೋಂದಾಯಿತ ಮಾಲೀಕನೇ ಎಂದಿತು ನ್ಯಾಯಮಂಡಳಿ. ಅವನಲ್ಲ, ಕೈಗೆ ತೆಗೆದುಕೊಂಡವನು ಎಂದಿತು ಹೈಕೋರ್ಟು. ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ 2018ರ ಫೆಬ್ರವರಿ 6ರಂದು ಹೈಕೋರ್ಟಿನ ಆದೇಶವನ್ನು ತಳ್ಳಿಹಾಕಿ, ಮಾರಿದವನ ಮೇಲೆಯೇ ಹೊಣೆ ಹೊರಿಸಿತು. ಅದೇ ವರ್ಷದ ಡಿಸೆಂಬರಿನಲ್ಲಿ ಇನ್ನೊಂದು ಪ್ರಕರಣ ಬಂತು. ಅಲ್ಲಿ ಅಪಘಾತವಾದಾಗ ವಾಹನ ಮಾರಿ ತಿಂಗಳೂ ತುಂಬಿರಲಿಲ್ಲ, ಕೊಂಡವನಿಗೆ ಕಾಯ್ದೆ ಕೊಟ್ಟ 30 ದಿನದ ಗಡುವು ಇನ್ನೂ ಉಳಿದಿತ್ತು. ಆಗಲೂ ಕೋರ್ಟು ಹೇಳಿದ್ದು ಇದನ್ನೇ.

ಇದನ್ನು ಕೇಳಿದವರು ‘ಇದ್ಯಾವ ನ್ಯಾಯ’ ಎಂದು ಸಿಟ್ಟಾಗುತ್ತಾರೆ. ಅವರ ಸಿಟ್ಟಿನಲ್ಲಿ ಅರ್ಥವಿದೆ. ಮಾರಿದವನು ಸ್ಟೇರಿಂಗ್ ಮುಟ್ಟಿಲ್ಲ, ಚಾಲಕನ ಮುಖ ಕಂಡಿಲ್ಲ, ಕಾರು ಯಾವ ಊರಿನಲ್ಲಿದೆ ಎಂಬುದೂ ಅವನಿಗೆ ಗೊತ್ತಿಲ್ಲ. 1930ರ ಸರಕು ಮಾರಾಟ ಕಾಯ್ದೆಯಂತೆ ನೋಡಿದರೆ ವಾಹನವೆಂಬ ಸರಕಿನ ಒಡೆತನ ಕೊಂಡವನಿಗೆ ಹೋಗಿಯೇ ಬಿಟ್ಟಿದೆ. ಒಂದು ಕಾಯ್ದೆ ಒಡೆತನ ಹೋಯಿತು ಎನ್ನುವಾಗ ಇನ್ನೊಂದು ಹೊಣೆ ಉಳಿಯಿತು ಎನ್ನುವುದು ಸಾಮಾನ್ಯ ಮನುಷ್ಯನಿಗೆ ಒಗಟಾಗಿ ಕಾಣುವುದು ಸಹಜ.

ಆದರೆ ಪೆಟ್ಟು ತಿಂದವರ ಕಡೆಯಿಂದ ಒಮ್ಮೆ ನೋಡಿ. ಮಾನ್ವಿ ರಸ್ತೆಯಲ್ಲಿ ಹತ್ತಿ ಬಿಡಿಸಿ ಮನೆಗೆ ನಡೆದು ಹೋಗುವ ಕೂಲಿ ಹೆಣ್ಣುಮಗಳಿಗೆ ಕಾರೊಂದು ಗುದ್ದಿತು ಎಂದಿಟ್ಟುಕೊಳ್ಳಿ. ಅವಳ ಮನೆಯವರ ಕೈಗೆ ಸಿಗುವ ಗುರುತು ಕೆಎ 36 ಎಂದು ಶುರುವಾಗುವ ನಂಬರು, ಅಷ್ಟೇ. ಆ ನಂಬರಿನ ಹಿಂದೆ ಯಾರಿದ್ದಾರೆಂದು ಆರ್‌ಟಿಓ ಪುಸ್ತಕ ಹೇಳಬೇಕು. ‘ನಾನು ಮಾರೀನಿ, ಅವನನ್ನು ಕೇಳ್ರಿ’ ಎಂದು ಒಬ್ಬ, ‘ನಾನೂ ಮಾರೀನಿ’ ಎಂದು ಇನ್ನೊಬ್ಬ ಬಾಂಡ್ ಪೇಪರ್ ತೋರಿಸುತ್ತಾ ಹೋದರೆ, ಆ ಕುಟುಂಬ ರಾಯಚೂರು, ಮಾನ್ವಿ, ದೇವದುರ್ಗ ಎಂದು ಎಷ್ಟು ಮನೆ ಬಾಗಿಲು ತಟ್ಟಬೇಕು? ಯಾರಾದರೂ ಒಬ್ಬರು ನಷ್ಟ ಹೊರಲೇಬೇಕಾದಾಗ, ಅದನ್ನು ತಪ್ಪಿಸುವ ಅವಕಾಶ ಇದ್ದವನು ಹೊರುವುದು ಸರಿ. ಮಾರಿದವನಿಗೆ ಆ ಅವಕಾಶವಿತ್ತು. ರಸ್ತೆ ಬದಿ ನಡೆಯುತ್ತಿದ್ದವಳಿಗೆ ಇರಲಿಲ್ಲ.

ಹಾಗಾದರೆ ಬಾಂಡ್ ಪೇಪರ್ ಬೇಡವೇ? ಬೇಕು, ಅದರ ಕೆಲಸ ಬೇರೆ. ಅದು ಮಾರಿದವನಿಗೂ ಕೊಂಡವನಿಗೂ ನಡುವಿನ ಕರಾರು. ‘ಇಂಥ ದಿನ ಇಷ್ಟು ಗಂಟೆಗೆ ವಾಹನ ವಶಕ್ಕೆ ಪಡೆದಿದ್ದೇನೆ, ಇಲ್ಲಿಂದ ಮುಂದೆ ಆಗುವ ಅಪಘಾತ, ದಂಡ, ಕೇಸು ಎಲ್ಲದರ ನಷ್ಟ ನಾನೇ ತುಂಬಿಕೊಡುತ್ತೇನೆ’ ಎಂದು ಅದರಲ್ಲಿ ಬರೆದಿದ್ದರೆ, ಪರಿಹಾರ ಕಟ್ಟಿದ ಮೇಲೆ ಆ ದುಡ್ಡನ್ನು ಕೊಂಡವನಿಂದ ವಸೂಲು ಮಾಡಲು ಅದು ಆಧಾರ. ವಾಹನದಲ್ಲಿ ಅಪರಾಧ ನಡೆದರೂ ಅದು ನೆರವಿಗೆ ಬರುತ್ತದೆ. ಕೃಷ್ಣಾ ಮತ್ತು ತುಂಗಭದ್ರಾ ದಂಡೆಯ ತಾಲ್ಲೂಕುಗಳಲ್ಲಿ ಅಕ್ರಮ ಮರಳು ಸಾಗಣೆ ಎಷ್ಟಿದೆ ಎಂದು ಬಿಡಿಸಿ ಹೇಳಬೇಕಿಲ್ಲ. ಯಾವ ವಾಹನ ಸಿಕ್ಕಿಬಿದ್ದರೂ ಪೊಲೀಸರು ಮೊದಲು ಬರುವುದು ಆರ್‌ಸಿಯಲ್ಲಿರುವ ವಿಳಾಸಕ್ಕೆ. ಚಾಲಕ ಯಾರೆಂದು ಕೇಳಿದರೆ ಹೇಳುವುದು 133ನೇ ಕಲಮಿನಡಿ ಮಾಲೀಕನ ಕರ್ತವ್ಯ. ಹೆಸರು, ಆಧಾರ್ ಪ್ರತಿ, ವಶಕ್ಕೆ ಪಡೆದ ಸಮಯ ಎಲ್ಲ ನಿಮ್ಮಲ್ಲಿದ್ದರೆ ಉತ್ತರ ಕೊಡಬಲ್ಲಿರಿ. ಅಪಘಾತದ ಪರಿಹಾರ ಕೇಳಿ ಬಂದ ಹೊರಗಿನವನ ಎದುರು ಮಾತ್ರ ಆ ಕಾಗದ ನಿಲ್ಲುವುದಿಲ್ಲ.

ನಮ್ಮ ರೈತರು ಹೊಲ ಕೊಂಡರೆ ಪಹಣಿಯಲ್ಲಿ ಹೆಸರು ಬರುವ ತನಕ ತಹಶೀಲ್ ಕಚೇರಿ ಬಿಡುವುದಿಲ್ಲ. ಕಾರಿನ ವಿಷಯದಲ್ಲಿ ಅದೇ ಜನ ಏಕೆ ಸುಮ್ಮನಿರುತ್ತಾರೆ? ಹೊಲದಲ್ಲಿ ಹೆಸರು ಬದಲಾಗದಿದ್ದರೆ ನಷ್ಟ ಕೊಂಡವನಿಗೆ, ಆದ್ದರಿಂದ ಅವನೇ ಓಡಾಡುತ್ತಾನೆ. ಕಾರಿನಲ್ಲಿ ಹೆಸರು ಬದಲಾಗದಿದ್ದರೆ ನಷ್ಟ ಮಾರಿದವನಿಗೆ, ಓಡಾಡಬೇಕಾದವನು ಮಾತ್ರ ಕೊಂಡವನು. ಅವನಿಗೆ ಕಾರು ಸಿಕ್ಕಿದೆ, ಓಡುತ್ತಿದೆ. ಮಾನ್ವಿಯಿಂದಲೋ ದೇವದುರ್ಗದಿಂದಲೋ ಒಂದು ದಿನದ ಕೆಲಸ ಬಿಟ್ಟು, ಫೀಸು ಕಟ್ಟಿ, ರಾಯಚೂರಿನ ಆರ್‌ಟಿಓ ಕಚೇರಿಗೆ ಬರುವ ಅವಸರ ಅವನಿಗೇನಿದೆ? ಎಲ್ಲ ತೊಂದರೆಯ ಬೇರು ಇಲ್ಲಿದೆ.

ಆದ್ದರಿಂದ ಆ ಅವಸರವನ್ನು ಮಾರುವವನೇ ಹುಟ್ಟಿಸಬೇಕು. ಪೂರ್ತಿ ದುಡ್ಡು ತೆಗೆದುಕೊಂಡು ಕೀಲಿ ಕೊಟ್ಟು ಕೈ ತೊಳೆದುಕೊಳ್ಳಬಾರದು. ಬೆಲೆಯ ಒಂದು ಪಾಲನ್ನು ಹೆಸರು ಬದಲಾದ ಮೇಲೆ ಪಡೆಯುವುದೆಂದು ಕರಾರಿನಲ್ಲೇ ಬರೆಸಬೇಕು. ಇಬ್ಬರೂ ಒಟ್ಟಿಗೆ ಆರ್‌ಟಿಓ ಕಚೇರಿಗೆ ಹೋಗಿ ಅರ್ಜಿ ಕೊಟ್ಟು, ರಸೀದಿ ಕೈಗೆ ಬಂದ ಮೇಲೆ ಕಾರು ಒಪ್ಪಿಸುವುದು ಇನ್ನೂ ಒಳ್ಳೆಯದು. ಖಾಲಿ ಫಾರಂಗಳಿಗೆ ಸಹಿ ಮಾಡಿ ಕೊಡುವುದಂತೂ ಕೂಡದು. ಅದೇ ಫಾರಂ ಕಾರಿನ ಜೊತೆ ನಾಲ್ಕು ಕೈ ದಾಟುತ್ತದೆ, ಕೊನೆಗೆ ಕಾರು ಯಾರದ್ದೆಂದು ನಿಮಗೇ ತಿಳಿಯುವುದಿಲ್ಲ. ಏಜೆಂಟ್ ಎಲ್ಲ ನೋಡಿಕೊಳ್ಳುತ್ತಾನೆ ಎಂಬ ಮಾತಿಗೆ ಬೆಲೆಯಿಲ್ಲ, ಸಮನ್ಸು ಅವನ ಹೆಸರಿಗೆ ಬರುವುದಿಲ್ಲ. ಸಾಲ ತೀರಿದ್ದರೆ 35ನೇ ನಮೂನೆ ಕೊಟ್ಟು ಬ್ಯಾಂಕಿನ ಹೆಸರು ತೆಗೆಸಬೇಕು. ಫಾಸ್ಟ್ಯಾಗ್ ಮುಚ್ಚಿಸಬೇಕು, ಇಲ್ಲದಿದ್ದರೆ ಕೊಂಡವನ ಟೋಲು ನಿಮ್ಮ ಖಾತೆಯಿಂದ ಹೋಗುತ್ತದೆ. ಕೊಳ್ಳುವವನು ಹೊರರಾಜ್ಯದ ಗದ್ವಾಲಿನವನೋ ಮಂತ್ರಾಲಯದವನೋ ಆಗಿದ್ದರೆ ಎನ್‌ಓಸಿ ಬೇಕು. ಅದಿಲ್ಲದೆ ಕಾರು ಹೊಳೆ ದಾಟಿದರೆ ಅಲ್ಲಿ ಅದನ್ನು ಅವನ ಹೆಸರಿಗೆ ಮಾಡಿಸುವುದು ಆಗುವುದೇ ಇಲ್ಲ.

ಎಲ್ಲಕ್ಕಿಂತ ಮುಖ್ಯವಾದದ್ದು ಇನ್ಶೂರೆನ್ಸ್. ಚಾಲ್ತಿಯಲ್ಲಿರುವ ಪಾಲಿಸಿ 157ನೇ ಕಲಮಿನಂತೆ ಕೊಂಡವನಿಗೆ ವರ್ಗವಾದಂತೆಯೇ, ಅಪಘಾತವಾದರೆ ಮೂರನೆಯವರಿಗೆ ಕಂಪನಿ ಪರಿಹಾರ ಕೊಡಬೇಕಾಗುತ್ತದೆ. ಆ ಪಾಲಿಸಿ ಮುಗಿದ ಮೇಲೆಯೇ ಅಪಾಯ. ಹಳೆ ಕಾರು ಕೊಂಡು, ಹೆಸರೂ ಮಾಡಿಸಿಕೊಳ್ಳದವನು ನವೀಕರಣಕ್ಕೆ ದುಡ್ಡು ಕಟ್ಟುತ್ತಾನೆಂದು ನಂಬಿ ಕೂರುವುದು ಕಷ್ಟ. ಹರಿಯಾಣದ ಆ ಮಾರಾಟಗಾರ ಸಿಕ್ಕಿಬಿದ್ದದ್ದೂ ವಿಮೆ ಇಲ್ಲದ ವಾಹನದಿಂದಲೇ.

‘ಪರಿಚಯಸ್ಥರ ನಡುವೆ ಇಷ್ಟೆಲ್ಲ ಕಾಗದ ಕೇಳಿದರೆ ಸಂಬಂಧ ಕೆಡುತ್ತದೆ’ ಎನ್ನುವವರಿದ್ದಾರೆ. ಅವರ ಸಂಕೋಚ ನನಗೆ ಅರ್ಥವಾಗುತ್ತದೆ, ನಮ್ಮ ಕಡೆ ಮಾತಿಗೆ ಬೆಲೆಯಿದೆ. ಆದರೆ ಕೊಂಡ ಗೆಳೆಯ ನಾಳೆ ಯಾರಿಗೆ ಮಾರುತ್ತಾನೆಂದು ನಿಮಗೂ ಗೊತ್ತಿಲ್ಲ, ಅವನಿಗೂ ಗೊತ್ತಿಲ್ಲ. ನಂಬಿಕೆ ಮೊದಲ ಕೈಗೆ ಮಾತ್ರ ಸಲ್ಲುತ್ತದೆ.

ಸರಕಾರವೂ ಮಾಡಬೇಕಾದ್ದಿದೆ. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ನಿಯಮಗಳಲ್ಲಿ, ಅಧಿಕೃತ ಡೀಲರಿಗೆ ಹಳೆ ವಾಹನ ಒಪ್ಪಿಸಿದವನು 29ಸಿ ನಮೂನೆಯಲ್ಲಿ ತಿಳಿಸಿದರೆ ಡೀಲರೇ ಮಾಲೀಕನೆಂದು ಪರಿಗಣಿತನಾಗುತ್ತಾನೆ. ನೆರೆಯವನಿಗೆ, ನೆಂಟನಿಗೆ ಮಾರುವ ಸಾಮಾನ್ಯನಿಗೆ ಈ ರಕ್ಷಣೆ ಇಲ್ಲ. ಅವನು ತಿಳಿಸಿದ ಕ್ಷಣವೇ ‘ಮಾರಾಟವಾಗಿದೆ, ಕೊಂಡವನು ಇಂಥವನು’ ಎಂದು ಸರಕಾರದ ‘ವಾಹನ್’ ಆನ್‌ಲೈನ್ ದಾಖಲೆಯಲ್ಲಿ ಮೂಡಬೇಕು. ಪೆಟ್ಟು ತಿಂದವರಿಗೂ ಅದರಿಂದ ಸರಿಯಾದ ಬಾಗಿಲು ತಿಳಿಯುತ್ತದೆ. ಈ ಬೇಡಿಕೆ ಈಡೇರುವ ತನಕ ಕಾಯುವುದು ಬೇಡ. ನೀವು ಹಿಂದೆ ಮಾರಿದ ಗಾಡಿಯ ನಂಬರನ್ನು ಇವತ್ತೇ ಪರಿವಾಹನ್ ಜಾಲತಾಣದಲ್ಲಿ ಹಾಕಿ ನೋಡಿ. ಅಲ್ಲಿ ಇನ್ನೂ ನಿಮ್ಮ ಹೆಸರಿದ್ದರೆ ಮಾರಾಟ ಆಗಿಲ್ಲವೆಂದೇ ತಿಳಿದು, ಕೊಂಡವನನ್ನು ಕರೆದುಕೊಂಡು ಆರ್‌ಟಿಓ ಕಚೇರಿಗೆ ಹೋಗಿ.