ಜುಟ್ಟಿಗೆ ಮಲ್ಲಿಗೆ: ಮೊದಲ ಕಂಪ್ಯೂಟರ್ ಜೋಡಿಸುವವರಿಗೆ ಕೆಲವು ನಿಷ್ಠುರ ಮಾತುಗಳು

ಕಂಪ್ಯೂಟರ್ ಕೊಳ್ಳುವ ವಿಚಾರದಲ್ಲಿ ನಮ್ಮ ಜನರ ಬಾಯಿಗೆ ಒಂದು ಮಂತ್ರ ಅಂಟಿಕೊಂಡಿದೆ. ‘ಐ5 ಇದೆಯಾ? ಐ7 ಇದೆಯಾ?’ ಎಂಬುದೇ ಆ ಮಂತ್ರ. ಅಂಗಡಿಯವರು ‘ಇದೆ’ ಎಂದರೆ ಮುಗಿಯಿತು, ಮುಂದಿನ ಪ್ರಶ್ನೆಯೇ ಇಲ್ಲ! ಆ ಪ್ರೊಸೆಸರ್ ಯಾವ ವರ್ಷದ್ದು, ಅದನ್ನು ಕೂರಿಸಿರುವ ಮದರ್‌ಬೋರ್ಡ್ ಯಾರು ತಯಾರಿಸಿದ್ದು, ಅದಕ್ಕೆ ವಾರಂಟಿ ಎಷ್ಟು ಎಂದು ವಿಚಾರಿಸುವವರು ತೀರ ವಿರಳ. ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಅನೇಕರು ಈಗ ಮಕ್ಕಳಿಗೆ ಮೊದಲ ಕಂಪ್ಯೂಟರನ್ನು ಜೋಡಿಸಿಕೊಡುವ ವಯಸ್ಸಿಗೆ ಬಂದಿದ್ದಾರೆ. ಬಂಧುಗಳಲ್ಲೂ ಈ ಪ್ರಶ್ನೆ ಆಗಾಗ ಏಳುತ್ತದೆ. ಅವರೆಲ್ಲರ ಮುಂದೆ ನಾನು ಇಡುವ ವಾದ ಇಷ್ಟೇ: ಪ್ರೊಸೆಸರಿನ ಹೆಸರಿಗಾಗಿ ಮದರ್‌ಬೋರ್ಡಿನಲ್ಲಿ ಕಾಸು ಉಳಿಸುವುದು, ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಮುಡಿಯುವ ಕೆಲಸ.

ಮೊದಲಿಗೆ ಹೆಸರಿನ ಮೋಹವನ್ನೇ ನೋಡೋಣ. ಕಳೆದ ವರ್ಷ ನನ್ನ ಶಿಷ್ಯನೊಬ್ಬ, ಮಗಳು ಎಂಜಿನಿಯರಿಂಗ್ ಸೇರಿದ ಸಂದರ್ಭದಲ್ಲಿ, ಅಂಗಡಿಯೊಂದರ ಕೊಟೇಶನ್ ಚೀಟಿಯನ್ನು ತಂದು ತೋರಿಸಿದ. ಮೊದಲ ಸಾಲಿನಲ್ಲಿ ದಪ್ಪ ಅಕ್ಷರಗಳಲ್ಲಿ ‘ಐ7’ ಎಂದಿತ್ತು. ಕೆಳಗೆ ಸಣ್ಣದಾಗಿ ‘2600’, ಮದರ್‌ಬೋರ್ಡ್ ‘ಎಚ್61’. ಐ7-2600 ಮಾರುಕಟ್ಟೆಗೆ ಬಂದದ್ದು 2011ರಲ್ಲಿ. ಆ ಕಾಲಕ್ಕೆ ಅದು ಉತ್ತಮ ಪ್ರೊಸೆಸರೇ ಹೌದು. ಆದರೆ 2022ರಲ್ಲಿ ಬಂದ ಐ3-12100ರಲ್ಲೂ ಅಷ್ಟೇ ನಾಲ್ಕು ಕೋರ್, ಎಂಟು ಥ್ರೆಡ್‌ಗಳಿವೆ, ಮತ್ತು ಅದು ಕೆಲಸದಲ್ಲಿ ಆ ಹಳೆಯ ಐ7 ಅನ್ನು ಬಹುದೂರ ಹಿಂದಿಕ್ಕುತ್ತದೆ. ಇನ್ನು ಎಚ್61 ಎಂಬುದು 2011ರ ಚಿಪ್‌ಸೆಟ್. ಎಚ್610 ಎಂಬುದು 2022ರದು. ಒಂದೇ ಒಂದು ಸೊನ್ನೆ, ಹನ್ನೊಂದು ವರ್ಷಗಳ ಅಂತರ! ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲಿ 2011ರ ಪ್ರೊಸೆಸರುಗಳಿಗೆ ಸ್ಥಾನವಿಲ್ಲ. ನಾಲ್ಕು ವರ್ಷದ ಓದಿಗೆಂದು ಅಡಿಕೆ ಮಾರಿದ ಹಣದಲ್ಲಿ ಕೊಳ್ಳುವ ಯಂತ್ರ ಇದಾಗಬೇಕೇ? ‘ಐ7’ ಎಂಬ ಹಲಗೆಯನ್ನು ತೂಗುಹಾಕಿ ಇಂಥದ್ದನ್ನು ಮಾರುವುದು ವ್ಯಾಪಾರವಲ್ಲ, ಅಜ್ಞಾನದ ಮೇಲೆ ವಿಧಿಸುವ ಸುಂಕ.

‘ಲೆಕ್ಕ ಮಾಡುವುದು ಪ್ರೊಸೆಸರ್ ತಾನೇ? ಬೋರ್ಡು ಬರೀ ಕೂರುವ ಮಣೆ’ ಎಂದು ವಾದಿಸುವವರಿದ್ದಾರೆ. ಅವರಿಗೆ ಹತ್ತನೆಯ ತರಗತಿಯ ವಿದ್ಯುತ್ ಪಾಠವನ್ನು ನೆನಪಿಸಬಯಸುತ್ತೇನೆ. ಸಾಮರ್ಥ್ಯವೆಂದರೆ ವೋಲ್ಟೇಜ್ ಮತ್ತು ವಿದ್ಯುತ್ ಪ್ರವಾಹಗಳ ಗುಣಲಬ್ಧ. 1.3 ವೋಲ್ಟ್‌ನಲ್ಲಿ 65 ವಾಟ್ ಬಳಸುವ ಪ್ರೊಸೆಸರಿಗೆ 50 ಆಂಪಿಯರ್ ಪ್ರವಾಹ ಬೇಕು. ನಮ್ಮ ಬಚ್ಚಲುಮನೆಯ ಗೀಸರಿಗೆ ಹಾಕಿಸುವ ದೊಡ್ಡ ಪ್ಲಗ್ಗೇ 16 ಆಂಪಿಯರಿನದು! ಪವರ್ ಸಪ್ಲೈಯಿಂದ ಬರುವ 12 ವೋಲ್ಟನ್ನು ಇಳಿಸಿ, ಅಷ್ಟು ದೊಡ್ಡ ಪ್ರವಾಹವನ್ನು ಏರುಪೇರಿಲ್ಲದೆ ಉಣಿಸುವ ಕೆಲಸ ಮದರ್‌ಬೋರ್ಡಿನ ಮೇಲಿರುವ ವೋಲ್ಟೇಜ್ ನಿಯಂತ್ರಕ ಮಂಡಲದ್ದು. ಇದನ್ನೇ ವಿಆರ್‌ಎಂ ಎನ್ನುತ್ತಾರೆ. ಅಗ್ಗದ ಬೋರ್ಡಿನಲ್ಲಿ ಮೊದಲು ಕತ್ತರಿ ಬೀಳುವುದು ಇಲ್ಲಿಗೇ. ಪೆಟ್ಟಿಗೆಯ ಮೇಲೆ 65 ವಾಟ್ ಎಂದು ನಮೂದಾಗಿರುವ ಐ7-14700 ಪೂರ್ಣ ಭಾರದಲ್ಲಿ 219 ವಾಟ್‌ವರೆಗೆ ಏರಬಲ್ಲದು. ದುರ್ಬಲ ಬೋರ್ಡಿನ ಮೇಲೆ ಅದನ್ನು ಕೂರಿಸಿದರೆ ವಿಆರ್‌ಎಂ ಕಾದು, ಪ್ರೊಸೆಸರ್ ತನ್ನ ವೇಗವನ್ನು ತಗ್ಗಿಸಿಕೊಳ್ಳುತ್ತದೆ. ಐ7ರ ಬೆಲೆ ತೆತ್ತು ಐ5ರ ಕೆಲಸ ಪಡೆಯುವುದೆಂದರೆ ಇದೇ. ಈ ಶತಮಾನದ ಆರಂಭದ ವರ್ಷಗಳಲ್ಲಿ ಕಳಪೆ ಕೆಪಾಸಿಟರುಗಳು ಉಬ್ಬಿ, ಸೋರಿ, ಲೋಕದಾದ್ಯಂತ ಅಸಂಖ್ಯ ಮದರ್‌ಬೋರ್ಡುಗಳು ಸತ್ತದ್ದನ್ನು ಹಳಬರು ಮರೆತಿರಲಾರರು. ಪ್ರೊಸೆಸರುಗಳು ಚೆನ್ನಾಗಿಯೇ ಇದ್ದವು, ಮಣೆಯೇ ಮುರಿದಿತ್ತು.

ಬೋರ್ಡಿನ ತಯಾರಕರು ಯಾರೆಂಬುದು ಏಕೆ ಮುಖ್ಯ ಎಂಬುದಕ್ಕೆ ಇತ್ತೀಚಿನ ಎರಡು ನಿದರ್ಶನಗಳಿವೆ. 2023ರಲ್ಲಿ ಎಎಂಡಿಯ ರೈಜನ್ 7000 ಸರಣಿಯ ಕೆಲವು ಎಕ್ಸ್3ಡಿ ಪ್ರೊಸೆಸರುಗಳು ಸಾಕೆಟ್ಟಿನಲ್ಲೇ ಸುಟ್ಟುಹೋದವು. ಒಂದು ಭಾಗಕ್ಕೆ ಹೋಗುವ ವೋಲ್ಟೇಜನ್ನು 1.3ಕ್ಕೆ ಮಿತಿಗೊಳಿಸುವ ಹೊಸ ಬಯೋಸ್ ಬಂದ ಮೇಲೆ ಅದು ಹತೋಟಿಗೆ ಬಂತು. ಇಂಟೆಲ್‌ನ 13 ಮತ್ತು 14ನೆಯ ಪೀಳಿಗೆಯ ಹಲವು ಡೆಸ್ಕ್‌ಟಾಪ್ ಪ್ರೊಸೆಸರುಗಳು ಮಿತಿಮೀರಿದ ವೋಲ್ಟೇಜಿನಿಂದ ಕ್ರಮೇಣ ಕೆಡುತ್ತಿದ್ದುದನ್ನು 2024ರಲ್ಲಿ ಆ ಸಂಸ್ಥೆಯೇ ಒಪ್ಪಿಕೊಂಡು, ವಾರಂಟಿಯನ್ನು ಎರಡು ವರ್ಷ ಹೆಚ್ಚಿಸಿತು. ಅದಕ್ಕೂ ಪರಿಹಾರ ಬಂದದ್ದು ಮದರ್‌ಬೋರ್ಡಿನ ಬಯೋಸ್ ಮೂಲಕವೇ. ರೋಗ ಪ್ರೊಸೆಸರಿನದು, ಔಷಧ ಕುಡಿಸಬೇಕಾದವರು ಬೋರ್ಡಿನವರು! ಜಾಲತಾಣವೂ ಇಲ್ಲದ, ಬಯೋಸನ್ನೂ ಕೊಡದ ಅನಾಮಧೇಯ ಬೋರ್ಡನ್ನು ಕೊಂಡವರು ಆಗ ಯಾರ ಬಾಗಿಲು ತಟ್ಟಬೇಕು?

ಹಾಗೆಂದು ಬಣ್ಣಬಣ್ಣದ ದೀಪಗಳು ಮಿನುಗುವ ದುಬಾರಿ ಬೋರ್ಡನ್ನು ಕೊಳ್ಳಿರೆಂದು ನಾನು ಹೇಳುತ್ತಿಲ್ಲ. ಅದು ಇನ್ನೊಂದು ಬಗೆಯ ಮಲ್ಲಿಗೆ. ಐ3 ಹಾಕುವವರಿಗೆ ಹೆಸರುಳ್ಳ ತಯಾರಕರ ಎಚ್610 ಬೋರ್ಡೇ ಸಾಕು. ಐ5, ಐ7ಕ್ಕೆ ಹೋಗುವವರು ವಿಆರ್‌ಎಂ ಮೇಲೆ ಲೋಹದ ಹೀಟ್‌ಸಿಂಕ್ ಇರುವ ಬಿ760 ನೋಡಲಿ. ಎಎಂಡಿ ಕಡೆಗೆ ಒಲವಿದ್ದರೆ ಸಾಕೆಟ್ಟಿನ ಆಯುಸ್ಸನ್ನು ಗಮನಿಸಿ. 2017ರಲ್ಲಿ ಮೊದಲ ರೈಜನ್‌ಗೆಂದು ಎಎಂ4 ಬೋರ್ಡ್ ಕೊಂಡವರಲ್ಲಿ ಅನೇಕರು, ಬಯೋಸ್ ಬದಲಿಸಿ, 2020ರ ರೈಜನ್ 5000 ಪ್ರೊಸೆಸರನ್ನು ಅದೇ ಬೋರ್ಡಿನಲ್ಲಿ ಕೂರಿಸಿಕೊಂಡರು. ಒಳ್ಳೆಯ ಬೋರ್ಡು ಎರಡನೆಯ ಪ್ರೊಸೆಸರಿಗೂ ಮನೆಯಾಗುತ್ತದೆ. 2022ರಲ್ಲಿ ಬಂದ ಎಎಂ5ರ ಬಗೆಗೂ ಆ ಸಂಸ್ಥೆ ದೀರ್ಘ ಬೆಂಬಲದ ಮಾತು ಕೊಟ್ಟಿದೆ. ಇನ್ನೊಂದು ಎಚ್ಚರಿಕೆ: ಇಂಟೆಲ್ ಪ್ರೊಸೆಸರಿನ ಸಂಖ್ಯೆಯ ಕೊನೆಯಲ್ಲಿ ‘ಎಫ್’ ಇದ್ದರೆ ಅದರೊಳಗೆ ಗ್ರಾಫಿಕ್ಸ್ ಇರುವುದಿಲ್ಲ. ರೈಜನ್ 5600ರಲ್ಲೂ ಇಲ್ಲ, 5600ಜಿಯಲ್ಲಿ ಇದೆ. ಇದನ್ನರಿಯದೆ, ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದೆ ಜೋಡಿಸಿದರೆ, ಫ್ಯಾನು ತಿರುಗೀತು, ಪರದೆ ಮಾತ್ರ ಬೆಳಗದು.

ನಮ್ಮ ಊರುಗಳ ವಿದ್ಯುತ್ತಿನ ಸ್ಥಿತಿ ನಿಮಗೆ ಗೊತ್ತೇ ಇದೆ. ಸರಿಯಾದ ಅರ್ಥಿಂಗ್, ಒಳ್ಳೆಯ ಪವರ್ ಸಪ್ಲೈ, ಒಂದು ಯುಪಿಎಸ್ ಇಲ್ಲದಿದ್ದರೆ ಎಂಥ ಬೋರ್ಡೂ ಬಾಳದು. ಮಲೆನಾಡಿನವರು ಸಿಡಿಲು-ಮಳೆಯ ಹೊತ್ತಿನಲ್ಲಿ ಪ್ಲಗ್ಗಿನ ಜೊತೆಗೆ ಇಂಟರ್ನೆಟ್ಟಿನ ತಂತಿಯನ್ನೂ ಕಳಚಿಡಬೇಕು. ಸಿಡಿಲು ಆ ದಾರಿಯಿಂದಲೂ ಒಳಬರುತ್ತದೆ.

ಆದ್ದರಿಂದ ಎಸ್.ಪಿ. ರಸ್ತೆಗೇ ಹೋಗಿ, ನಿಮ್ಮ ತಾಲ್ಲೂಕಿನ ಅಂಗಡಿಗೇ ಹೋಗಿ, ಚೀಟಿಯಲ್ಲಿ ಬರೀ ‘ಐ5’, ‘ಬೋರ್ಡ್’ ಎಂದು ಬರೆಯಲು ಬಿಡಬೇಡಿ. ಪ್ರೊಸೆಸರಿನ ಪೂರ್ಣ ಸಂಖ್ಯೆ, ಬೋರ್ಡಿನ ತಯಾರಕರ ಹೆಸರು ಮತ್ತು ಮಾದರಿ, ಎರಡರ ವಾರಂಟಿ ಅವಧಿ ಇವಿಷ್ಟನ್ನೂ ಬರೆಸಿಕೊಳ್ಳಿ. ತಯಾರಕರ ಜಾಲತಾಣದಲ್ಲಿ ಆ ಬೋರ್ಡಿನ ಪುಟವನ್ನು ತೆರೆದು, ನಿಮ್ಮ ಪ್ರೊಸೆಸರ್ ಅದರ ಪಟ್ಟಿಯಲ್ಲಿದೆಯೇ, ಯಾವ ಬಯೋಸ್ ಬೇಕು ಎಂದು ನೋಡಿ. ಜಿಎಸ್‌ಟಿ ಬಿಲ್ಲನ್ನು ಕೇಳಿ ಪಡೆಯಿರಿ. ‘ಅದೆಲ್ಲ ನಿಮಗ್ಯಾಕೆ ಸಾರ್?’ ಎಂದು ಅಂಗಡಿಯವರು ನಕ್ಕರೆ ಸಂಕೋಚಪಡದೆ ಎದ್ದು ಬನ್ನಿ, ಪಕ್ಕದ ಅಂಗಡಿ ಇದ್ದೇ ಇದೆ. ತರಗತಿಯಲ್ಲಿ ಪ್ರಶ್ನೆ ಕೇಳಲು ಅಂಜಿ ಹಿಂದಿನ ಬೆಂಚಿನಲ್ಲಿ ತಲೆ ತಗ್ಗಿಸುತ್ತಿದ್ದವರು ಯಾರು ಯಾರೆಂದು ನನಗೆ ಚೆನ್ನಾಗಿ ನೆನಪಿದೆ. ನಿಮ್ಮ ಮಕ್ಕಳ ಯಂತ್ರದ ವಿಷಯದಲ್ಲಾದರೂ ಬಾಯಿಬಿಟ್ಟು ಕೇಳಿ. ಅನುಮಾನವಿದ್ದರೆ ಹಣ ಕೊಡುವ ಮೊದಲು ಚೀಟಿಯನ್ನು ನನಗೊಮ್ಮೆ ತೋರಿಸಿ. ಕೆಂಪು ಶಾಯಿಯ ಪೆನ್ನು ಇನ್ನೂ ನನ್ನ ಬಳಿ ಇದೆ.