ಕ್ಯಾಮೆರಾ ಕಲಿಯಲು ಮನೆಯೇ ಸಾಕು

ಹೊಸದಾಗಿ ಕ್ಯಾಮೆರಾ ಕೊಂಡವರು ಮೊದಲು ಹೊರಡುವುದು ಹಂಪಿಗೆ, ಇಲ್ಲವೇ ಜೋಗಕ್ಕೆ. ಮರಳುವಾಗ ಮೆಮೊರಿ ಕಾರ್ಡು ತುಂಬಿರುತ್ತದೆ. ಅದರಲ್ಲಿ ನಾಲ್ಕಾರು ಚಿತ್ರಗಳು ನಿಜಕ್ಕೂ ಚೆನ್ನಾಗಿರುತ್ತವೆ. ಅವು ಯಾಕೆ ಚೆನ್ನಾಗಿ ಬಂದವು, ಉಳಿದವು ಯಾಕೆ ಕೆಟ್ಟವು ಎಂದು ಕೇಳಿದರೆ ಮಾತ್ರ ಉತ್ತರ ಇರುವುದಿಲ್ಲ. ಅಲ್ಲಿ ಬೆಳಕು, ದೂರ, ಜನ, ನಮ್ಮ ಅವಸರ ಎಲ್ಲವೂ ಏಕಕಾಲಕ್ಕೆ ಬದಲಾಗುತ್ತಿರುತ್ತವೆ. ಯಾವುದರಿಂದ ಏನಾಯಿತು ಎಂದು ಬಿಡಿಸಿ ನೋಡಲು ಆಗುವುದಿಲ್ಲ. ಕಲಿಯುವ ದಿನಗಳಲ್ಲಿ ಒಂದು ಸಲಕ್ಕೆ ಒಂದೇ ಸಂಗತಿ ಬದಲಾಗಬೇಕು, ಉಳಿದದ್ದೆಲ್ಲ ಇದ್ದಲ್ಲೇ ಇರಬೇಕು. ಅಂಥ ಅನುಕೂಲ ಸಿಗುವುದು ದಿನವೂ ಓಡಾಡುವ ಜಾಗಗಳಲ್ಲೇ: ಅಡುಗೆಮನೆ, ಜಗಲಿ, ಹಿತ್ತಲು, ಬಸ್ ನಿಲ್ದಾಣ.

ಮೊದಲು ಕ್ಯಾಮೆರಾ ಏನು ಮಾಡುತ್ತದೆ ಎಂದು ತಿಳಿದುಕೊಳ್ಳೋಣ. ಒಳಗಿನ ಸಂವೇದಕದ ಮೇಲೆ ಎಷ್ಟು ಬೆಳಕು ಬೀಳಬೇಕು ಎನ್ನುವುದನ್ನು ಎರಡು ಸಂಗತಿಗಳು ನಿರ್ಧರಿಸುತ್ತವೆ. ಲೆನ್ಸಿನ ಕಿಂಡಿ ಎಷ್ಟು ಅಗಲ ತೆರೆದಿದೆ ಎನ್ನುವುದು ಅಪರ್ಚರ್. ಎಷ್ಟು ಹೊತ್ತು ಬೆಳಕು ಒಳಗೆ ಬರುತ್ತದೆ ಎನ್ನುವುದು ಶಟರ್ ವೇಗ. ಬಂದ ಬೆಳಕಿನಿಂದ ಹುಟ್ಟಿದ ಸಂಕೇತವನ್ನು ಎಷ್ಟು ಹಿಗ್ಗಿಸಬೇಕು ಎಂದು ಹೇಳುವುದು ಮೂರನೆಯದಾದ ಐಎಸ್‌ಒ. ಇವುಗಳ ಅಂಕಿಗಳನ್ನು ಕಂಡು ಹೊಸಬರು ಹೆದರುತ್ತಾರೆ. ಹೆದರಬೇಕಿಲ್ಲ, ಎಲ್ಲವೂ ದುಪ್ಪಟ್ಟು ಮತ್ತು ಅರ್ಧದ ಲೆಕ್ಕ. ಶಟರ್ ಸೆಕೆಂಡಿನ 1/60ರಿಂದ 1/125ಕ್ಕೆ ಹೋದರೆ ಬೆಳಕು ಸುಮಾರು ಅರ್ಧವಾಗುತ್ತದೆ. ಅಪರ್ಚರ್ ಎಫ್/2ರಿಂದ ಎಫ್/2.8ಕ್ಕೆ ಹೋದರೂ ಅರ್ಧವೇ. ಐಎಸ್‌ಒ 200ರಿಂದ 400ಕ್ಕೆ ಏರಿದರೆ ಚಿತ್ರ ದುಪ್ಪಟ್ಟು ಬೆಳಗುತ್ತದೆ. ಒಂದು ಕಡೆ ಕಳೆದುಕೊಂಡದ್ದನ್ನು ಇನ್ನೊಂದು ಕಡೆ ಪಡೆಯಬಹುದು, ಆದರೆ ಪ್ರತಿಯೊಂದಕ್ಕೂ ಒಂದು ಬೆಲೆಯಿದೆ. ಕಿಂಡಿ ಅಗಲವಾದಷ್ಟೂ ಹಿನ್ನೆಲೆ ಮಸುಕಾಗುತ್ತದೆ, ಶಟರ್ ನಿಧಾನವಾದಷ್ಟೂ ಚಲನೆ ಕದಡುತ್ತದೆ, ಐಎಸ್‌ಒ ಏರಿದಷ್ಟೂ ನೆರಳಿನ ಭಾಗಗಳಲ್ಲಿ ಮರಳಿನಂಥ ಚುಕ್ಕೆಗಳು ಏಳುತ್ತವೆ. ಇಷ್ಟು ಗೊತ್ತಿದ್ದರೆ ಅಭ್ಯಾಸಕ್ಕೆ ಇಳಿಯಬಹುದು.

ಶಟರ್ ವೇಗಕ್ಕೆ ಚಾವಣಿಯ ಫ್ಯಾನಿಗಿಂತ ಒಳ್ಳೆಯ ಮೇಷ್ಟರಿಲ್ಲ. ಫ್ಯಾನು ನಿಮಿಷಕ್ಕೆ 300 ಸುತ್ತು ತಿರುಗುತ್ತಿದೆ ಎಂದಿಟ್ಟುಕೊಳ್ಳಿ. ಸೆಕೆಂಡಿಗೆ 5 ಸುತ್ತು, ಅಂದರೆ 1,800 ಡಿಗ್ರಿ. ಶಟರ್ 1/1000ದಲ್ಲಿದ್ದರೆ ಆ ಹೊತ್ತಿನಲ್ಲಿ ರೆಕ್ಕೆ ಸರಿಯುವುದು 1.8 ಡಿಗ್ರಿ ಮಾತ್ರ, ಚಿತ್ರದಲ್ಲಿ ಫ್ಯಾನು ನಿಂತಂತೆಯೇ ಕಾಣುತ್ತದೆ. 1/30ಕ್ಕೆ ಇಳಿಸಿದರೆ ರೆಕ್ಕೆ 60 ಡಿಗ್ರಿ ಸರಿದಿರುತ್ತದೆ. 1/15ಕ್ಕೆ ಇಳಿಸಿದರೆ ಸರಿಯಾಗಿ 120 ಡಿಗ್ರಿ. ಮೂರು ರೆಕ್ಕೆಗಳ ನಡುವಿನ ಅಂತರವೂ ಅಷ್ಟೇ ಆದ್ದರಿಂದ, ಒಂದು ರೆಕ್ಕೆ ಇನ್ನೊಂದರ ಜಾಗ ತಲುಪಿ ಫ್ಯಾನು ತೆಳ್ಳಗಿನ ತಟ್ಟೆಯಂತೆ ಕಾಣುತ್ತದೆ. ಕ್ಯಾಮೆರಾವನ್ನು ನೆಲದ ಮೇಲೆ ಮುಖ ಮೇಲಾಗಿ ಇಟ್ಟು ಈ ಮೂರನ್ನೂ ತೆಗೆದು ಪಕ್ಕಪಕ್ಕ ನೋಡಿ. 1/1000ದ ಚಿತ್ರದಲ್ಲಿ ಚಾವಣಿಯ ಮೇಲೆ ಚುಕ್ಕೆಗಳು ಎದ್ದಿರುವುದು ಕಾಣುತ್ತದೆ, ಏಕೆಂದರೆ ಅಷ್ಟು ಕಡಿಮೆ ಹೊತ್ತಿನಲ್ಲಿ ಬಂದ ಅಲ್ಪ ಬೆಳಕನ್ನು ಕ್ಯಾಮೆರಾ ಐಎಸ್‌ಒ ಏರಿಸಿ ಸರಿದೂಗಿಸಿದೆ. ಒಂದೇ ಫ್ಯಾನಿನಿಂದ ಎರಡು ಪಾಠವಾಯಿತು. ನಲ್ಲಿಯ ನೀರು, ಬಟ್ಟೆ ಒಗೆಯುವ ಕಲ್ಲಿನ ಮೇಲೆ ಸಿಡಿಯುವ ನೊರೆ, ಮಜ್ಜಿಗೆ ಕಡೆಯುವ ಕೈ, ಇವೆಲ್ಲಕ್ಕೂ ಇದೇ ಲೆಕ್ಕ.

ಅಲ್ಲಿಂದ ಬೀದಿಗೆ ಬನ್ನಿ. ಚಲಿಸುವ ವಸ್ತು ಸ್ಪಷ್ಟವಾಗಿದ್ದು ಹಿನ್ನೆಲೆ ಮಾತ್ರ ಗೆರೆಗೆರೆಯಾಗಿ ಹರಿದು ಹೋಗುವ ಚಿತ್ರಗಳನ್ನು ನೀವು ನೋಡಿರುತ್ತೀರಿ. ಅದಕ್ಕೆ ಪ್ಯಾನಿಂಗ್ ಎನ್ನುತ್ತಾರೆ. ರಸ್ತೆಗೆ ಅಡ್ಡಮುಖವಾಗಿ ನಿಂತು, ಶಟರನ್ನು 1/30ಕ್ಕೆ ಇಟ್ಟು, ಸೈಕಲ್ಲಿನವರು ದೂರದಲ್ಲಿರುವಾಗಲೇ ಅವರನ್ನು ಚೌಕಟ್ಟಿನೊಳಗೆ ಹಿಡಿದು, ಸೊಂಟದಿಂದ ಮೇಲೆ ತಿರುಗುತ್ತ ಹಿಂಬಾಲಿಸಬೇಕು. ಎದುರಿಗೆ ಬಂದಾಗ ಗುಂಡಿ ಒತ್ತಬೇಕು, ಒತ್ತಿದ ಮೇಲೂ ತಿರುಗುವುದನ್ನು ನಿಲ್ಲಿಸಬಾರದು. ಹೆಚ್ಚಿನವರು ತಪ್ಪುವುದು ಈ ಕೊನೆಯ ಹಂತದಲ್ಲಿಯೇ. ಆಟೋಗಳಿಗೆ, ಬಸ್ಸುಗಳಿಗೆ 1/60 ಸಾಕಾಗುತ್ತದೆ. ಹತ್ತರಲ್ಲಿ ಒಂದು ಸರಿ ಬಂದರೂ ಒಳ್ಳೆಯದೇ, ಅನುಭವಿಗಳಿಗೂ ಹೆಚ್ಚುಕಡಿಮೆ ಹಾಗೆಯೇ ಬರುವುದು.

ಎಲ್ಲವನ್ನೂ ಆಟೊ ಮೋಡಿಗೆ ಬಿಟ್ಟರೆ ಕ್ಯಾಮೆರಾ ಎಲ್ಲಿ ಎಡವುತ್ತದೆ ಎಂದು ತಿಳಿಯುವುದೂ ಅಭ್ಯಾಸದ ಭಾಗವೇ. ಒಣಹಾಕಿದ ಬಿಳಿ ಪಂಚೆಯೊಂದೇ ಚೌಕಟ್ಟನ್ನೆಲ್ಲ ತುಂಬುವಂತೆ ಚಿತ್ರ ತೆಗೆಯಿರಿ. ಪಂಚೆ ಬೂದುಬಣ್ಣಕ್ಕೆ ತಿರುಗಿರುತ್ತದೆ. ಕೊಟ್ಟಿಗೆಯ ಎಮ್ಮೆಯನ್ನು ಹಾಗೆಯೇ ತೆಗೆದರೆ ಅದೂ ಬೂದಿ ಬಳಿದಂತೆ ಕಾಣುತ್ತದೆ. ಕ್ಯಾಮೆರಾದ ಬೆಳಕಿನ ಮಾಪಕಕ್ಕೆ ಪಂಚೆ ಯಾವುದು, ಎಮ್ಮೆ ಯಾವುದು ಎಂಬುದು ತಿಳಿಯದು. ಎದುರಿಗಿರುವುದು ಮಧ್ಯಮ ಬೂದು, ಅಂದರೆ ಬಿದ್ದ ಬೆಳಕಿನಲ್ಲಿ ಶೇ 18ರಷ್ಟನ್ನು ಮರಳಿಸುವ ಮೇಲ್ಮೈ ಎಂಬ ಊಹೆಯ ಮೇಲೆ ಅದು ಲೆಕ್ಕ ಹಾಕುತ್ತದೆ. ಈಗಿನ ಕ್ಯಾಮೆರಾಗಳು ಹಿಂದಿನವಕ್ಕಿಂತ ಜಾಣ, ಆದರೂ ಬರೀ ಬಿಳುಪು ಅಥವಾ ಬರೀ ಕಪ್ಪು ಎದುರಾದಾಗ ತಡವರಿಸುತ್ತವೆ. ಹಾಗಾಗಿ ಬಿಳಿಗೆ ಬೆಳಕು ಒಂದು ಹಂತ (ಅಂದರೆ ದುಪ್ಪಟ್ಟು) ಹೆಚ್ಚಿಗೆ, ಕಪ್ಪಿಗೆ ಒಂದು ಹಂತ (ಅಂದರೆ ಅರ್ಧಕ್ಕೆ) ಕಡಿಮೆ ಎಂದು ನಾವೇ ತಿದ್ದಬೇಕು. ಹೆಚ್ಚಿನ ಫೋನುಗಳಲ್ಲಿ ಪರದೆಯ ಮೇಲೆ ಬೆರಳೊತ್ತಿದರೆ ಬರುವ ಸೂರ್ಯನ ಗುರುತನ್ನು ಮೇಲೆ ಕೆಳಗೆ ಎಳೆದರೆ ಈ ಕೆಲಸ ಆಗುತ್ತದೆ. ಬೇರೆ ಬೇರೆ ಮೈಬಣ್ಣದವರು ಒಟ್ಟಿಗೆ ನಿಂತ ಮದುವೆಮನೆಯ ಗುಂಪು ಚಿತ್ರದಲ್ಲಿ ಕೆಲವರ ಮುಖ ಮಂಕಾಗುವುದಕ್ಕೂ ಈ ಮಾಪಕದ ಲೆಕ್ಕ ಒಂದು ಕಾರಣ. ಒಬ್ಬರ ಮುಖ ಅವರು ಇರುವ ಬಣ್ಣದಲ್ಲೇ ಬರಬೇಕು ಎನ್ನುವುದು ನನಗೆ ತಂತ್ರದ ಮಾತಷ್ಟೇ ಅಲ್ಲ, ಗೌರವದ ಮಾತೂ ಹೌದು.

ಇನ್ನು ಬೆಳಕು. ಈ ವಿದ್ಯೆಯಲ್ಲಿ ಹೆಚ್ಚು ಹೊತ್ತು ಕೊಡಬೇಕಾದದ್ದು ಇದಕ್ಕೇ. ಮನೆಯವರಲ್ಲಿ ಒಬ್ಬರನ್ನು ಕಿಟಕಿಯ ಪಕ್ಕ ಕೂರಿಸಿ. ಮುಖ ಕಿಟಕಿಯ ಕಡೆಗಿದ್ದರೆ ಬೆಳಕು ಸಮನಾಗಿ ಹರಡುತ್ತದೆ. ಪಕ್ಕಕ್ಕೆ ತಿರುಗಿದರೆ ಅರ್ಧ ಮುಖ ನೆರಳಾಗಿ ಕೆನ್ನೆಯ ಏರು, ಹಣೆಯ ಗೆರೆ ಎದ್ದು ಬರುತ್ತವೆ. ಕಿಟಕಿಗೆ ಬೆನ್ನು ಮಾಡಿದರೆ ಉಳಿಯುವುದು ಆಕಾರ ಮಾತ್ರ. ನೆರಳಿನ ಬದಿಗೆ ಒಂದು ಬಿಳಿ ಪಂಚೆ ಹಿಡಿದರೆ ಬೆಳಕು ಅದರಿಂದ ಪುಟಿದು ಆ ಭಾಗವೂ ತುಸು ತೆರೆದುಕೊಳ್ಳುತ್ತದೆ. ಆಮೇಲೆ ಕೋಣೆಯ ಒಳಗೆ ನಾಲ್ಕು ಹೆಜ್ಜೆ ಸರಿಯಲು ಹೇಳಿ. ಕಣ್ಣು ಒಗ್ಗಿಕೊಳ್ಳುವುದರಿಂದ ನಮಗೆ ವ್ಯತ್ಯಾಸ ಅಷ್ಟಾಗಿ ಗೊತ್ತಾಗುವುದಿಲ್ಲ, ಆದರೆ ಕ್ಯಾಮೆರಾದ ಅಂಕಿಗಳು ಬೆಳಕು ಎಷ್ಟು ಬೇಗ ಕುಸಿಯಿತು ಎಂದು ತೋರಿಸುತ್ತವೆ. ಚಿಕ್ಕ ಬಲ್ಬಿನ ವಿಷಯದಲ್ಲಿ ನಿಯಮ ಇನ್ನೂ ಖಚಿತ: ದೂರ ಎರಡರಷ್ಟಾದರೆ ಬೆಳಕು ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ.

ನಮ್ಮ ಹಳೆಯ ಮನೆಗಳು ಈ ಅಭ್ಯಾಸಕ್ಕೆ ಹೇಳಿ ಮಾಡಿಸಿದಂತಿವೆ. ತೊಟ್ಟಿಮನೆಯಲ್ಲಿ ಬೆಳಕು ನಡುವಿನ ತೆರವಿನಿಂದ ಇಳಿದು ಸುತ್ತಲಿನ ಜಗಲಿಗೆ ಮೃದುವಾಗಿ ಹರಡುತ್ತದೆ. ಮಲೆನಾಡು, ಕರಾವಳಿಯ ಹೆಂಚಿನ ಮನೆಗಳಲ್ಲಿ ನಡುವೆ ಒಂದೆರಡು ಗಾಜಿನ ಹೆಂಚು ಹಾಕಿರುತ್ತಾರಲ್ಲ, ಸೌದೆ ಒಲೆಯ ಹೊಗೆ ಎದ್ದಾಗ ಅಲ್ಲಿಂದ ಕೋಲಿನಂತೆ ಇಳಿಯುವ ಬಿಸಿಲನ್ನು ಗಮನಿಸಿ. ಬರಿಯ ಗಾಳಿಯಲ್ಲಿ ಆ ಬೆಳಕು ಕಾಣುವುದಿಲ್ಲ, ಹೊಗೆಯ ಕಣಗಳು ಅದನ್ನು ಚದುರಿಸಿದಾಗಲೇ ಕಾಣುವುದು. ಇಡ್ಲಿ ಪಾತ್ರೆಯ ಹಬೆಯೂ ಅಷ್ಟೇ: ಬೆಳಕು ಹಿಂದಿನಿಂದ ಬಂದು, ಅದರಾಚೆ ಕತ್ತಲಿದ್ದರೆ ಮಾತ್ರ ಅದು ಚಿತ್ರದಲ್ಲಿ ಮೂಡುತ್ತದೆ. ಫ್ಲ್ಯಾಶ್ ಹಾಕಿದರೆ ಹಬೆಯೂ ಇಲ್ಲ, ಅಡುಗೆಮನೆಯ ಆಳವೂ ಇಲ್ಲ. ಹೊಸಬರು ಒಂದಿಷ್ಟು ಕಾಲ ಫ್ಲ್ಯಾಶನ್ನು ಮರೆತೇ ಬಿಡುವುದು ಒಳ್ಳೆಯದು ಎಂದು ನನ್ನ ಅಭಿಪ್ರಾಯ.

ಎಲ್‌ಇಡಿ ಬಲ್ಬಿನ ಕೆಳಗೆ ಚಿತ್ರ ತೆಗೆದಾಗ ಅಡ್ಡಡ್ಡ ಕಪ್ಪು ಪಟ್ಟಿಗಳು ಬಂದರೆ ಫೋನು ಕೆಟ್ಟಿದೆ ಎಂದುಕೊಳ್ಳಬೇಡಿ. ನಮ್ಮ ದೇಶದ ವಿದ್ಯುತ್ತು 50 ಹರ್ಟ್ಸ್‌ನದು. ಹಾಗಾಗಿ ಅಗ್ಗದ ಬಲ್ಬುಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಶಟರನ್ನು 1/50 ಅಥವಾ 1/100ಕ್ಕೆ ಇಟ್ಟರೆ ಮಿನುಗಿನ ಪೂರ್ತಿ ಸುತ್ತು ಹಿಡಿದುಕೊಂಡು ಪಟ್ಟಿಗಳು ಮಾಯವಾಗುತ್ತವೆ.

ಇದಕ್ಕೆಲ್ಲ ಫೋನು ಸಾಲದೇ ಎಂದು ಕೇಳುವವರಿದ್ದಾರೆ. ಬೆಳಕನ್ನು ಓದಲು, ಚೌಕಟ್ಟು ಕಟ್ಟಲು ಧಾರಾಳವಾಗಿ ಸಾಕು. ಅಂಕಿಗಳನ್ನು ನಾವೇ ಇಡಬಹುದಾದ ಪ್ರೊ ಮೋಡ್ ಇದ್ದರೆ ಶಟರಿನ ಅಭ್ಯಾಸವೂ ಆಗುತ್ತದೆ. ಆದರೆ ಬಹುತೇಕ ಫೋನುಗಳಲ್ಲಿ ಅಪರ್ಚರ್ ಬದಲಾಗುವುದಿಲ್ಲ. ಹೀಗಾಗಿ ನಡುಹಗಲ ಬಿಸಿಲಲ್ಲಿ ಶಟರನ್ನು ನಿಧಾನ ಮಾಡಿದರೆ ಚಿತ್ರ ಬೆಳ್ಳಗೆ ಸುಟ್ಟುಹೋಗುತ್ತದೆ, ಪ್ಯಾನಿಂಗನ್ನು ಸಂಜೆಗೆ ಇಟ್ಟುಕೊಳ್ಳಬೇಕು. ಪೋರ್ಟ್ರೇಟ್ ಮೋಡಿನ ಮಸುಕಾದ ಹಿನ್ನೆಲೆ ಹೆಚ್ಚಾಗಿ ಲೆನ್ಸಿನದಲ್ಲ, ಫೋನಿನೊಳಗಿನ ಗಣಿತದ್ದು. ಕೂದಲಿನ ಎಳೆ, ಮುಡಿದ ಮಲ್ಲಿಗೆಯ ಅಂಚಿನಲ್ಲಿ ಅದು ತಪ್ಪುವುದನ್ನು ಹಿಗ್ಗಿಸಿ ನೋಡಿದರೆ ಕಾಣಬಹುದು. ಫೋನಿನಲ್ಲಿ ಏನು ಆಗುತ್ತಿಲ್ಲ ಎಂದು ನಿಮಗೇ ಸ್ಪಷ್ಟವಾದ ದಿನ ಕ್ಯಾಮೆರಾ ಕೊಳ್ಳಿ, ಅದಕ್ಕೆ ಮೊದಲು ಬೇಡ.

ದಿನನಿತ್ಯದ ಬದುಕು ಬರೀ ಅಭ್ಯಾಸದ ಸಾಮಗ್ರಿ, ನಿಜವಾದ ಚಿತ್ರ ಬೇರೆಲ್ಲೋ ಇದೆ ಎಂದು ಯಾರಾದರೂ ತಿಳಿದಿದ್ದರೆ ಮೈಸೂರಿನ ಟಿ.ಎಸ್. ಸತ್ಯನ್ (1923–2009) ಅವರ ಚಿತ್ರಗಳನ್ನು ಹುಡುಕಿ ನೋಡಬೇಕು. ವಿಶ್ವ ಆರೋಗ್ಯ ಸಂಸ್ಥೆಗಾಗಿ ಸಿಡುಬು ನಿರ್ಮೂಲನೆಯ ಕೆಲಸವನ್ನು ಚಿತ್ರಿಸಿದ, 1977ರಲ್ಲಿ ಪದ್ಮಶ್ರೀ ಪಡೆದ ಈ ಪತ್ರಿಕಾ ಛಾಯಾಗ್ರಾಹಕರು ಜೀವಮಾನವಿಡೀ ಅಕ್ಕರೆಯಿಂದ ನೋಡಿದ್ದು ಸಾಮಾನ್ಯ ಜನರನ್ನು, ಮಕ್ಕಳನ್ನು. ಅವರ ಮಕ್ಕಳ ಚಿತ್ರಗಳು 1979ರ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ವಿಶ್ವಸಂಸ್ಥೆಯ ಕೇಂದ್ರ ಕಚೇರಿಯಲ್ಲಿ ಪ್ರದರ್ಶನಗೊಂಡವು.

ಕೊನೆಗೆ ಒಂದು ಬೇಡಿಕೆ. ಹೂ ಮಾರುವ ಅಕ್ಕನನ್ನೋ, ಇಸ್ತ್ರಿ ಅಂಗಡಿಯ ಅಣ್ಣನನ್ನೋ ತೆಗೆಯುವ ಮುಂಚೆ ಕೇಳಿ. ಬೇಡ ಎಂದರೆ ಕ್ಯಾಮೆರಾ ಕೆಳಗಿಳಿಸಿ. ಒಪ್ಪಿದರೆ, ಚೆನ್ನಾಗಿ ಬಂದ ಚಿತ್ರವನ್ನು ಊರಿನ ಸ್ಟುಡಿಯೋದಲ್ಲಿ ಪ್ರಿಂಟ್ ಹಾಕಿಸಿ, ಅವರ ಕೈಗೇ ಕೊಟ್ಟು ಬನ್ನಿ.